ವಂಶವಾಹಿ ವರದಿ ನೋಡಿ ಅನ್ನ, ಹಾಲು ಬಿಡಬೇಕೆ?

ಪ್ರಶ್ನೆ: ನನಗೆ 36 ವರ್ಷ. ಊರು ದಾವಣಗೆರೆ, ಇಡೀ ದಿನ ಕೂತು ಮಾಡುವ ಕೆಲಸ. ಎತ್ತರ 156 ಸೆಂ.ಮೀ., ತೂಕ 58 ಕೆಜಿ, ಸೊಂಟದ ಸುತ್ತಳತೆ 86 ಸೆಂ.ಮೀ. ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಅಪ್ಪನಿಗೆ 44ಕ್ಕೇ ಸಕ್ಕರೆ ಕಾಯಿಲೆ ಬಂತು, ಸೋದರತ್ತೆಗೂ ಇದೆ. ಮೊನ್ನೆ ರಕ್ತ ಪರೀಕ್ಷೆಯಲ್ಲಿ ನನ್ನ ಎಚ್‌ಬಿಎ1ಸಿ 5.9, ಹಿಮೋಗ್ಲೋಬಿನ್ 10.4 ಬಂದಿದೆ. ಗಾಬರಿಯಾಗಿ ಎಂಜಲು ಕಳಿಸಿ ಡಿಎನ್‌ಎ ಆಹಾರ ಪರೀಕ್ಷೆ ಮಾಡಿಸಿದೆ. ವರದಿಯಲ್ಲಿ ಟಿಸಿಎಫ್7ಎಲ್2 ಮತ್ತು ಎಫ್‌ಟಿಒ ‘ಅಪಾಯ’, ಎಂಟಿಎಚ್‌ಎಫ್‌ಆರ್ 677 ‘ಸಿಟಿ’, ಹಾಲಿನ ಸಕ್ಕರೆ ‘ಅರಗುವುದಿಲ್ಲ’ ಎಂದಿದೆ. ಅನ್ನ ಬಿಡಿ, ಹಾಲು ಬಿಡಿ, ದಿನಕ್ಕೊಂದು ಮೀಥೈಲ್ ಫೋಲೇಟ್ ಮಾತ್ರೆ ತೆಗೆದುಕೊಳ್ಳಿ ಎಂಬುದು ಅವರ ಸಲಹೆ. ಹಾಗೇ ಮಾಡಲೇ? ಒಂಬತ್ತು ವರ್ಷದ ಮಗಳಿಗೂ ಈ ಪರೀಕ್ಷೆ ಮಾಡಿಸಬೇಕೆ?

ಉತ್ತರ: ಮೂರು ಸಲಹೆಗಳಲ್ಲಿ ಎರಡನ್ನು, ಹಾಲು ಬಿಡುವುದು ಮತ್ತು ಮೀಥೈಲ್ ಫೋಲೇಟ್ ಮಾತ್ರೆ, ಪಾಲಿಸಬೇಡಿ. ಅನ್ನವನ್ನು ಪೂರ್ತಿ ಬಿಡಬೇಕಾಗಿಲ್ಲ, ಅಳತೆ ತಗ್ಗಿಸಬೇಕು. ಅದಕ್ಕೆ ಕಾರಣ ನಿಮ್ಮ ಸೊಂಟದ ಅಳತೆ ಮತ್ತು ನಿಮ್ಮ ತಂದೆಯ ಕಾಯಿಲೆ, ಡಿಎನ್‌ಎ ವರದಿಯಲ್ಲ. ಮಗಳಿಗೆ ಪರೀಕ್ಷೆ ಬೇಡ. ಇದಕ್ಕೆಲ್ಲ ಮೊದಲು ಇನ್ನೊಂದು ಕೆಲಸವಿದೆ. ನಿಮ್ಮ 5.9 ನಿಜವಾದ 5.9 ಹೌದೋ ಅಲ್ಲವೋ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ.

ಅಲ್ಲಿಂದಲೇ ಶುರು ಮಾಡೋಣ. ಎಚ್‌ಬಿಎ1ಸಿ ಅಳೆಯುವುದು ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ನಿಗೆ ಎಷ್ಟು ಸಕ್ಕರೆ ಅಂಟಿದೆ ಎಂಬುದನ್ನು. ಕಣದ ಆಯುಸ್ಸು ಸುಮಾರು 120 ದಿನ. ಕಬ್ಬಿಣದ ಕೊರತೆಯಲ್ಲಿ ಹೊಸ ಕಣಗಳ ಹುಟ್ಟು ಕಡಿಮೆಯಾಗಿ, ಹಳೆಯ ಕಣಗಳ ಪಾಲು ಹೆಚ್ಚುತ್ತದೆ. ಹಳೆಯ ಕಣ ಹೆಚ್ಚು ಕಾಲ ಸಕ್ಕರೆಯಲ್ಲಿ ಮಿಂದಿರುತ್ತದೆ, ಹಾಗಾಗಿ ಸಕ್ಕರೆ ಏರದಿದ್ದರೂ ಅಂಕಿ ಏರುತ್ತದೆ. ಬಿ12 ಕೊರತೆಯಲ್ಲೂ ಇದೇ ಆಗಬಹುದು. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, ನಿಮ್ಮದು 10.4. ಈ ಸ್ಥಿತಿಯಲ್ಲಿ 5.9 ಎಂಬ ಅಂಕಿಯನ್ನು ನೆಚ್ಚಿಕೊಂಡು ‘ಗಡಿ ಸಕ್ಕರೆ’ ಎಂದು ಹಣೆಪಟ್ಟಿ ಹಚ್ಚುವುದು ಸರಿಯಲ್ಲ.

ಬದಲಿಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಜಿಟಿಟಿ ಮಾಡಿಸಿ. ಹಿಂದಿನ ಮೂರು ದಿನ ಎಂದಿನಂತೆ ಊಟ ಮಾಡಿರಬೇಕು. ಪರೀಕ್ಷೆ ಇದೆಯೆಂದು ಅನ್ನ ಬಿಟ್ಟು ಹೋದರೆ ಎರಡು ಗಂಟೆಯ ಅಂಕಿ ಸುಳ್ಳಾಗಿ ಏರುತ್ತದೆ. ರಾತ್ರಿ ಕನಿಷ್ಠ ಎಂಟು ತಾಸು ಉಪವಾಸ, ಬೆಳಿಗ್ಗೆ ಕಾಫಿಯೂ ಬೇಡ. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಅಥವಾ ಎರಡು ಗಂಟೆಯ ನಂತರ 140ರಿಂದ 199 ಬಂದರೆ ಮಧುಮೇಹಪೂರ್ವ ಸ್ಥಿತಿ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಎರಡು ಗಂಟೆಯ ನಂತರ 200 ಮುಟ್ಟಿದರೆ ಮಧುಮೇಹ.

ರಕ್ತಹೀನತೆಗೂ ಕಾರಣ ಹುಡುಕಬೇಕು, ಏಕೆಂದರೆ ವಂಶವಾಹಿ ಮತ್ತು ಊಟದ ಸಂಬಂಧ ನಮ್ಮಲ್ಲಿ ಅತಿ ಹೆಚ್ಚು ಎಡವಟ್ಟು ಮಾಡುವುದು ಇಲ್ಲೇ. ಭಾರತದಲ್ಲಿ ಸುಮಾರು ನೂರಕ್ಕೆ 3–4 ಮಂದಿ ಬೀಟಾ ಥಲಸ್ಸೀಮಿಯಾ ಎಂಬ ವಂಶಪಾರಂಪರ್ಯ ರಕ್ತದ ಕಾಯಿಲೆಯ ವಾಹಕರು. ಅವರಿಗೆ ಕಾಯಿಲೆಯಿಲ್ಲ, ಆದರೆ ಕಣಗಳು ಹುಟ್ಟಾ ಚಿಕ್ಕವು, ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ. ಕಬ್ಬಿಣ ಕಡಿಮೆಯಾದವರಂತೆಯೇ ಕಾಣುವುದರಿಂದ ವರ್ಷಗಟ್ಟಲೆ ಮಾತ್ರೆ ನುಂಗಿಸುತ್ತಾರೆ, ಅಂಕಿ ಕದಲುವುದಿಲ್ಲ. ನಿಮ್ಮ ರಕ್ತ ಪರೀಕ್ಷೆಯ ಚೀಟಿಯಲ್ಲೇ ಒಂದು ಸುಳಿವು ಇರುತ್ತದೆ: ‘ಎಂಸಿವಿ’ (ಕೆಂಪು ಕಣದ ಸರಾಸರಿ ಗಾತ್ರ) ಅಂಕಿಯನ್ನು ಕೆಂಪು ಕಣಗಳ ಎಣಿಕೆಯಿಂದ (ದಶಲಕ್ಷಗಳಲ್ಲಿ) ಭಾಗಿಸಿ. ಎಂಸಿವಿ 62, ಎಣಿಕೆ 5.6 ಇದ್ದರೆ ಉತ್ತರ 11; 13ಕ್ಕಿಂತ ಕಡಿಮೆಯಾದ್ದರಿಂದ ವಾಹಕರೆಂಬ ಅನುಮಾನ. ಎಂಸಿವಿ 72, ಎಣಿಕೆ 4.1 ಇದ್ದರೆ 17 ದಾಟುತ್ತದೆ. ಇದು ಕಬ್ಬಿಣದ ಕೊರತೆಯ ಕಡೆ ವಾಲುತ್ತದೆ. ಇದು ಸುಳಿವಷ್ಟೇ. ಖಚಿತವಾಗಲು ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಬೇಕು, ಜೊತೆಗೆ ಅನುಮಾನವಿದ್ದರೆ ಹಿಮೋಗ್ಲೋಬಿನ್ ಎ2. ಎ2 ಅಂಶ ಶೇ 3.5 ದಾಟಿದ್ದರೆ ವಾಹಕ. ಆದರೆ ಕಬ್ಬಿಣದ ಕೊರತೆ ಜೊತೆಗಿದ್ದರೆ ಎ2 ತಗ್ಗಿ ಕಾಣಬಹುದು, ಆಗ ಕಬ್ಬಿಣ ತುಂಬಿಸಿದ ಮೇಲೆ ಮತ್ತೆ ನೋಡಬೇಕು.

ಫೆರಿಟಿನ್ 15ಕ್ಕಿಂತ ಕಡಿಮೆ ಬಂದರೆ ಕೊರತೆ ನಿಶ್ಚಿತ. 30ರ ಕೆಳಗಿದ್ದರೂ ವೈದ್ಯರು ಸಾಮಾನ್ಯವಾಗಿ ಚಿಕಿತ್ಸೆ ಕೊಡುತ್ತಾರೆ. 60 ಮಿ.ಗ್ರಾಂ ಕಬ್ಬಿಣದಂಶವಿರುವ ಮಾತ್ರೆ ದಿನಕ್ಕೊಂದು, ಹೊಟ್ಟೆ ಕೆಡುವವರು ದಿನ ಬಿಟ್ಟು ದಿನ. ಲಿಂಬೆರಸದ ನೀರಿನ ಜೊತೆ ತೆಗೆದುಕೊಳ್ಳಿ. ಕಾಫಿ, ಚಹಾ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವ್ಯಾವುದೂ ಹಿಂದೆ ಮುಂದೆ ಒಂದು ಗಂಟೆ ಬೇಡ. ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಸುಮಾರು 1 ಗ್ರಾಂ ಏರಬೇಕು. ಏರದಿದ್ದರೆ ಮಾತ್ರೆಯ ಕಂಪನಿ ಬದಲಿಸುತ್ತ ಕೂರಬೇಡಿ, ಕಾರಣ ಹುಡುಕಿಸಿ: ಮುಟ್ಟಿನಲ್ಲಿ ಹೆಚ್ಚು ರಕ್ತಸ್ರಾವ, ಕರುಳಿನ ತೊಂದರೆ, ಬಿ12 ಕೊರತೆ, ಥಲಸ್ಸೀಮಿಯಾ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಮೂರು ತಿಂಗಳು ಮಾತ್ರೆ ಮುಂದುವರಿಸಿದರೆ ಮಾತ್ರ ದಾಸ್ತಾನು ತುಂಬುತ್ತದೆ.

ಇನ್ನು ಡಿಎನ್‌ಎ ವರದಿಗೆ ಬರೋಣ.

ಎಂಟಿಎಚ್‌ಎಫ್‌ಆರ್ ಎಂಬುದು ಫೋಲೇಟ್ ವಿಟಮಿನ್ನನ್ನು ದೇಹ ಬಳಸುವ ರೂಪಕ್ಕೆ ತರುವ ಕಿಣ್ವ. ಆ ರೂಪದ ಫೋಲೇಟ್ ತನ್ನ ಮೀಥೈಲ್ ಗುಂಪನ್ನು ಬಿ12ರ ನೆರವಿನಿಂದ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಕೊಡುತ್ತದೆ, ಹೋಮೋಸಿಸ್ಟೀನ್ ಮೆಥಿಯೋನೀನ್ ಆಗುತ್ತದೆ. ಈ ಕೆಲಸ ಕುಂಟಿದರೆ ರಕ್ತದಲ್ಲಿ ಹೋಮೋಸಿಸ್ಟೀನ್ ಏರುತ್ತದೆ. ಈ ಕಿಣ್ವದ ವಂಶವಾಹಿಯ 677ನೇ ಜಾಗದಲ್ಲಿ ‘ಸಿ’ ಬದಲು ‘ಟಿ’ ಬಂದರೆ ಕಿಣ್ವದ ಒಂದು ಅಮೈನೋ ಆಮ್ಲ ಬದಲಾಗುತ್ತದೆ. ಅಲನೀನ್ ಇರಬೇಕಾದಲ್ಲಿ ವ್ಯಾಲೀನ್. ಇಂಥ ಕಿಣ್ವ ತನಗೆ ಬೇಕಾದ ಬಿ2 ಅಂಶವನ್ನು ಬೇಗ ಕಳಚಿಕೊಂಡು ಸಡಿಲವಾಗುತ್ತದೆ. ತಂದೆ ತಾಯಿ ಇಬ್ಬರಿಂದಲೂ ‘ಟಿ’ ಬಂದವರಲ್ಲಿ ಕಿಣ್ವದ ಕೆಲಸ ಸುಮಾರು ಶೇ 30ಕ್ಕೆ ಇಳಿಯುತ್ತದೆ, ಒಂದೇ ‘ಟಿ’ ಇರುವ ನಿಮ್ಮಂಥವರಲ್ಲಿ ಸುಮಾರು ಶೇ 65ಕ್ಕೆ. ಓದಿದರೆ ಭಯವಾಗುತ್ತದೆ. ಆದರೆ ಫೋಲೇಟ್ ಸಾಕಷ್ಟು ಇದ್ದರೆ ಅದೇ ಕಿಣ್ವಕ್ಕೆ ಆತುಕೊಂಡು ಅದನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ಎರಡು ‘ಟಿ’ ಇದ್ದವರಲ್ಲೂ ಹೋಮೋಸಿಸ್ಟೀನ್ ಎದ್ದು ಕಾಣುವಷ್ಟು ಏರುವುದು ಮುಖ್ಯವಾಗಿ ಫೋಲೇಟ್ ಕಡಿಮೆಯಿದ್ದಾಗ. ವಂಶವಾಹಿಯೂ ಪೋಷಣೆಯೂ ಕೂಡಿ ಕೆಲಸ ಮಾಡುವುದಕ್ಕೆ ಇಷ್ಟು ಚೊಕ್ಕ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ: ದೋಷ ಇದ್ದೂ ಊಟ ಸರಿಯಿದ್ದರೆ ಅದು ಬಾಯಿ ಬಿಡುವುದಿಲ್ಲ.

ನಿಮಗಿರುವುದು ಒಂದೇ ‘ಟಿ’. ಅದಕ್ಕೆ ವೈದ್ಯಕೀಯವಾಗಿ ಬೆಲೆಯಿಲ್ಲ. ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಲ್ಲೂ ಈ ಪರೀಕ್ಷೆ ಮಾಡಿಸಬೇಡಿ ಎಂದು ಅಮೆರಿಕದ ವೈದ್ಯಕೀಯ ತಳಿವಿಜ್ಞಾನ ಕಾಲೇಜು 2013ರಲ್ಲೇ ಹೇಳಿದೆ. ‘ಟಿ’ ಇದ್ದವರಿಗೆ ಸಾಮಾನ್ಯ ಫೋಲಿಕ್ ಆಮ್ಲ ಹತ್ತುವುದಿಲ್ಲ, ದುಬಾರಿ ಮೀಥೈಲ್ ಫೋಲೇಟೇ ಬೇಕು ಎಂಬುದು ವ್ಯಾಪಾರದ ಮಾತು.

ವ್ಯಾಪಾರದ ಮಾತು ಅಷ್ಟಕ್ಕೇ ನಿಂತರೆ ದುಡ್ಡು ಮಾತ್ರ ಹೋಗುತ್ತದೆ. ಮೊಟ್ಟೆಯನ್ನೂ ತಿನ್ನದ ನಿಮಗೆ ಬೇರೆ ಅಪಾಯವಿದೆ. ಭಾರತೀಯರಲ್ಲಿ ಈ ‘ಟಿ’ ಯುರೋಪಿಯನ್ನರಿಗಿಂತ ಅಪರೂಪ. ನಮ್ಮಲ್ಲಿ ಹೋಮೋಸಿಸ್ಟೀನ್ ಏರುವುದಕ್ಕೆ ದೊಡ್ಡ ಕಾರಣ ಬಿ12 ಕೊರತೆ. ಬಿ12 ಇಲ್ಲದೆ ಫೋಲೇಟ್ ಮಾತ್ರ ತುಂಬಿಸಿದರೆ ರಕ್ತಹೀನತೆ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರಗಳ ಹಾನಿ ನಡೆಯುತ್ತಲೇ ಇರುತ್ತದೆ. ಪಾದದಲ್ಲಿ ಜೋಮು, ಕತ್ತಲಲ್ಲಿ ನಡೆಯುವಾಗ ತೂಗಾಟ, ಮರೆವು. ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಪುಣೆಯ ಸುತ್ತಲ ಹಳ್ಳಿಗಳ ತಾಯಂದಿರನ್ನೂ ಮಕ್ಕಳನ್ನೂ ಹಿಂಬಾಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಸಿರಿನಲ್ಲಿ ಬಿ12 ಕಡಿಮೆ ಮತ್ತು ಫೋಲೇಟ್ ಹೆಚ್ಚು ಇದ್ದ ತಾಯಂದಿರ ಮಕ್ಕಳಲ್ಲೇ ಆರನೇ ವಯಸ್ಸಿಗೆ ಇನ್ಸುಲಿನ್ ಪ್ರತಿರೋಧ ಅತಿ ಹೆಚ್ಚು ಕಂಡಿತು. ಆದ್ದರಿಂದ ಮೊದಲು ಬಿ12 ಮಟ್ಟ ನೋಡಿಸಿ. 200 ಪಿಕೋಗ್ರಾಂಗಿಂತ ಕಡಿಮೆ ಇದ್ದರೆ ಅದಕ್ಕೆ ಚಿಕಿತ್ಸೆ ಮೊದಲು, ಫೋಲೇಟ್ ಆಮೇಲೆ. ನಿಮ್ಮ ಮನೆಯಲ್ಲಿ ಬೇಳೆ, ಕಾಳು, ಸೊಪ್ಪು ದಿನವೂ ಬೇಯುತ್ತಿದ್ದರೆ ಫೋಲೇಟ್ ಕೊರತೆ ಆಗುವ ಸಂಭವ ಕಡಿಮೆ. ಬಿ12 ಮಾತ್ರ ಸೊಪ್ಪಿನಲ್ಲೂ ಇಲ್ಲ, ಕಾಳಿನಲ್ಲೂ ಇಲ್ಲ. ಸಸ್ಯಾಹಾರಿಗಳಿಗೆ ಅದು ಸಿಗುವುದು ಹಾಲು, ಮೊಸರಿನಿಂದಲೇ.

ಹಾಗಿರುವಾಗ ಹಾಲನ್ನೂ ಬಿಡಿ ಎನ್ನುತ್ತದೆ ವರದಿ! ಹಾಲಿನ ಸಕ್ಕರೆ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಎಳವೆ ದಾಟಿದ ಮೇಲೆ ಬಹಳ ಜನರಲ್ಲಿ ಕಡಿಮೆಯಾಗುತ್ತದೆ. ದೊಡ್ಡವರಾದ ಮೇಲೂ ಅದನ್ನು ಉಳಿಸುವ ವಂಶವಾಹಿ ವ್ಯತ್ಯಯವನ್ನು 2002ರಲ್ಲಿ ಫಿನ್ಲೆಂಡಿನವರು ಗುರುತಿಸಿದರು. ಭಾರತದಲ್ಲೂ ಅದೇ ವ್ಯತ್ಯಯ ಇದೆ. ವಾಯವ್ಯದಲ್ಲಿ ಹೆಚ್ಚು, ದಕ್ಷಿಣಕ್ಕೆ ಬಂದಂತೆ ಕಡಿಮೆ. ಆದ್ದರಿಂದ ಕನ್ನಡಿಗರಲ್ಲಿ ಹೆಚ್ಚಿನವರ ವರದಿಯಲ್ಲಿ ‘ಅರಗುವುದಿಲ್ಲ’ ಎಂದೇ ಬರುತ್ತದೆ. ಅವರಲ್ಲೇ ಎಷ್ಟೋ ಜನ ದಿನಕ್ಕೆ ಮೂರು ಕಾಫಿ ಕುಡಿದು ಮಜ್ಜಿಗೆ ಅನ್ನ ಉಂಡು ಆರಾಮಾಗಿದ್ದಾರೆ. ಕಿಣ್ವ ಕಡಿಮೆಯಿದ್ದರೂ ಒಂದು ಸಲಕ್ಕೆ 12 ಗ್ರಾಂ ಲ್ಯಾಕ್ಟೋಸ್, ಅಂದರೆ ಒಂದು ದೊಡ್ಡ ಲೋಟ ಹಾಲು, ಹೆಚ್ಚಿನವರಿಗೆ ಒಗ್ಗುತ್ತದೆ. ಮೊಸರಿನಲ್ಲಿ ಒಂದಷ್ಟು ಲ್ಯಾಕ್ಟೋಸನ್ನು ಹೆಪ್ಪಿನ ಬ್ಯಾಕ್ಟೀರಿಯಾಗಳು ಆಗಲೇ ತಿಂದಿರುತ್ತವೆ. ಪರೀಕ್ಷೆ ಬೇಕೆಂದರೆ ಮನೆಯಲ್ಲೇ ಮಾಡಿ: ರಜೆಯ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 200 ಮಿ.ಲೀ. ಹಾಲು ಕುಡಿದು ನಾಲ್ಕು ಗಂಟೆ ಕಾಯಿರಿ. ಹೊಟ್ಟೆಯುಬ್ಬರ, ಗುಡುಗುಡು, ಭೇದಿ ಏನೂ ಇಲ್ಲವೆಂದರೆ ವಂಶವಾಹಿ ಏನೇ ಹೇಳಲಿ, ಹಾಲು ನಿಮಗೆ ಆಗುತ್ತದೆ. ತೊಂದರೆಯಾದರೆ ಹಾಲಿನ ಬದಲು ಮೊಸರಿಗೆ ಹೋಗಿ.

ಎಫ್‌ಟಿಒ ಬಗ್ಗೆ ಹೆಚ್ಚು ಹೇಳುವುದಿಲ್ಲ. 2007ರಲ್ಲಿ ಪತ್ತೆಯಾದ ಈ ವ್ಯತ್ಯಯದ ಎರಡೂ ಪ್ರತಿ ಇರುವ ಯುರೋಪಿಯನ್ನರು ಇಲ್ಲದವರಿಗಿಂತ ಸರಾಸರಿ 3 ಕೆಜಿ ಹೆಚ್ಚು ತೂಗುತ್ತಾರೆ. ಆದರೆ ತೂಕ ಇಳಿಸಲು ಹೊರಟರೆ ಅವರೂ ಉಳಿದವರಷ್ಟೇ ಇಳಿಯುತ್ತಾರೆ ಎಂಬುದನ್ನು ಎಂಟು ಪ್ರಯೋಗಗಳ 9,500ಕ್ಕೂ ಹೆಚ್ಚು ಜನರ ಲೆಕ್ಕವನ್ನು ಒಟ್ಟು ಮಾಡಿ 2016ರಲ್ಲಿ ತೋರಿಸಿದ್ದಾರೆ.

ಟಿಸಿಎಫ್7ಎಲ್2 ಮಾತ್ರ ಗಂಭೀರವಾಗಿ ತೆಗೆದುಕೊಳ್ಳಬೇಕಾದದ್ದು. ಐಸ್‌ಲೆಂಡಿನ ತಂಡ 2006ರಲ್ಲಿ ಹೊರತಂದ ಇದು ಸಾಮಾನ್ಯ ಮಧುಮೇಹದ ವಂಶವಾಹಿಗಳಲ್ಲೆಲ್ಲ ಪ್ರಬಲವಾದದ್ದು, ಭಾರತೀಯರಲ್ಲೂ ಅದರ ಪರಿಣಾಮ ದೃಢವಾಗಿದೆ. ಊಟದ ನಂತರ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸುವ ಚುರುಕನ್ನು ಇದು ತಗ್ಗಿಸುತ್ತದೆ. ಅತಿ ಪ್ರಬಲ ಎಂದೆನಲ್ಲ, ಆ ಬಲ ಎಷ್ಟು ಗೊತ್ತೇ? ಒಂದು ಪ್ರತಿಗೆ ಅಪಾಯ ಸುಮಾರು 1.4 ಪಟ್ಟು. ಉಳಿದ ನೂರಾರು ವಂಶವಾಹಿಗಳದ್ದು ಇದಕ್ಕಿಂತ ಕಡಿಮೆ. ನಿಮ್ಮ ತಂದೆಗೆ 44ಕ್ಕೇ ಬಂತು ಎಂಬ ಒಂದೇ ಮಾತು ಆ ನೂರಾರರ ಒಟ್ಟು ಭಾರವನ್ನೂ, ಮನೆಯ ಊಟದ ಪದ್ಧತಿಯನ್ನೂ ಸೇರಿಸಿಕೊಂಡು ಹೇಳಿಬಿಡುತ್ತದೆ. ಎಂಜಲಿನ ಪರೀಕ್ಷೆಗೆ ಅಷ್ಟು ಹೇಳಲು ಬರುವುದಿಲ್ಲ.

ಅಮೆರಿಕದ ಮಧುಮೇಹ ತಡೆ ಪ್ರಯೋಗದಲ್ಲಿ ಗಡಿಯಲ್ಲಿದ್ದ 3,234 ಜನರನ್ನು ಮೂರು ಗುಂಪು ಮಾಡಿದ್ದರು. ತೂಕವನ್ನು ಶೇ 7ರಷ್ಟು ಇಳಿಸಿ ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಸುಮಾರು ಮೂರು ವರ್ಷದಲ್ಲಿ ಮಧುಮೇಹ ಹುಸಿ ಮಾತ್ರೆಯ ಗುಂಪಿಗಿಂತ ಶೇ 58ರಷ್ಟು ಕಡಿಮೆಯಾಯಿತು, ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆಯ ಗುಂಪಿನಲ್ಲಿ ಶೇ 31. ಇದು 2002ರ ಮಾತು. ನಾಲ್ಕು ವರ್ಷದ ನಂತರ ಅದೇ ಜನರ ಟಿಸಿಎಫ್7ಎಲ್2 ನೋಡಿದರು. ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಎರಡೂ ಪ್ರತಿ ಇದ್ದವರಿಗೆ ಮಧುಮೇಹ ಬರುವ ವೇಗ ಇಲ್ಲದವರ 1.81 ಪಟ್ಟು ಇತ್ತು. ನಡೆದು ತೂಕ ಇಳಿಸಿದವರಲ್ಲಿ ಅದು 1.15, ಅಂದರೆ ವ್ಯತ್ಯಾಸ ಲೆಕ್ಕಕ್ಕೆ ಸಿಗದಷ್ಟು. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರು 531 ಜನರಲ್ಲಿ ಮಾಡಿದ ಪ್ರಯೋಗದ ಫಲ ಬಂದದ್ದೂ 2006ರಲ್ಲೇ. ಮೂರು ವರ್ಷದಲ್ಲಿ ಏನೂ ಮಾಡದವರಲ್ಲಿ ಶೇ 55 ಮಂದಿಗೆ ಮಧುಮೇಹ ಬಂತು, ಊಟ-ನಡಿಗೆ ಸರಿಪಡಿಸಿಕೊಂಡವರಲ್ಲಿ ಶೇ 39. ತೂಕ ಇಳಿಯದೇ ಇಷ್ಟು ಲಾಭವಾದದ್ದು ನಮ್ಮವರ ಮಟ್ಟಿಗೆ ಮುಖ್ಯ. ಆದರೆ ಏನೂ ಮಾಡದೆ ಕೂತರೆ ಅರ್ಧಕ್ಕಿಂತ ಹೆಚ್ಚು ಜನ ಮೂರೇ ವರ್ಷದಲ್ಲಿ ಗಡಿ ದಾಟುತ್ತಾರೆ ಎಂಬುದನ್ನೂ ಗಮನಿಸಿ; ಅಮೆರಿಕದ ಪ್ರಯೋಗದಲ್ಲಿ ಇಷ್ಟು ವೇಗ ಇರಲಿಲ್ಲ.

ವಂಶವಾಹಿ ನೋಡಿ ಊಟ ಹೊಂದಿಸಿದರೆ ಇನ್ನೂ ಹೆಚ್ಚು ಲಾಭವಿದೆಯೇ ಎಂಬ ಪ್ರಶ್ನೆಗೂ ನೇರ ಉತ್ತರವಿದೆ. ಸ್ಟ್ಯಾನ್‌ಫೋರ್ಡಿನಲ್ಲಿ 609 ಜನರಿಗೆ ಒಂದು ವರ್ಷ, ಅರ್ಧ ಜನಕ್ಕೆ ಕಡಿಮೆ ಕೊಬ್ಬಿನ ಊಟ, ಅರ್ಧ ಜನಕ್ಕೆ ಕಡಿಮೆ ಪಿಷ್ಟದ ಊಟ ಕೊಟ್ಟು, ‘ಕೊಬ್ಬು ಒಗ್ಗುವ ವಂಶವಾಹಿ’, ‘ಪಿಷ್ಟ ಒಗ್ಗುವ ವಂಶವಾಹಿ’ ಎಂದು ಮೊದಲೇ ಗುರುತು ಮಾಡಿದ್ದವರನ್ನು ಹೋಲಿಸಿದರು. 2018ರಲ್ಲಿ ಬಂದ ಫಲ: ಇಳಿದ ತೂಕ ಸರಾಸರಿ 5.3 ಮತ್ತು 6 ಕೆಜಿ, ವಂಶವಾಹಿ ಹೊಂದಿತ್ತೋ ಇಲ್ಲವೋ ಎಂಬುದರಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ನಿಮಗೆ ಬಂದ ವರದಿ ಮಾರುವುದು ಇದೇ ಹೊಂದಾಣಿಕೆಯನ್ನು.

ಇನ್ನೊಂದು ಸಂಗತಿ ವರದಿಯಲ್ಲಿ ಇಲ್ಲವೇ ಇಲ್ಲ. ನಿಮ್ಮ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 23.8, ಯುರೋಪಿನ ಅಳತೆಯಲ್ಲಿ ಸರಿಯಾದ ತೂಕ, ನಮ್ಮ ಅಳತೆಯಲ್ಲಿ 23 ದಾಟಿದ್ದರಿಂದ ಹೆಚ್ಚು. ಏಕೆ ಬೇರೆ ಅಳತೆ? ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ ಇಬ್ಬರೂ ಪಕ್ಕಪಕ್ಕದಲ್ಲಿ ನಿಂತ ಫೋಟೋ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿಎಂಐ ಕೂಡ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ಈ ಮೈಕಟ್ಟು ಹುಟ್ಟಿನಿಂದಲೇ ಬರುತ್ತದೆ. ಪುಣೆಯ ಹಳ್ಳಿಗಳ ಕೂಸುಗಳು ಸರಾಸರಿ 2.7 ಕೆಜಿ, ಇಂಗ್ಲೆಂಡಿನ ಸೌತಾಂಪ್ಟನ್ನಿನವು 3.5 ಕೆಜಿ, ಆದರೂ ಕಡಿಮೆ ಬಿದ್ದದ್ದು ಮಾಂಸಖಂಡ, ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ಊಟದ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಮಾಂಸಖಂಡ. ಅದು ತೆಳ್ಳಗಿದ್ದವರಿಗೆ ಅದೇ ಒಂದು ತಟ್ಟೆ ಅನ್ನ ಹೆಚ್ಚು ಭಾರ.

ಇದೆಲ್ಲ ವಂಶವಾಹಿಯ ಅಕ್ಷರಗಳಿಂದಲೇ ಬಂದದ್ದಲ್ಲ. ತಾಯಿಯ ಹೊಟ್ಟೆಯಲ್ಲಿ ಸಿಕ್ಕ ಪೋಷಣೆ ವಂಶವಾಹಿಗಳ ಮೇಲೆ ಮೀಥೈಲ್ ಗುರುತುಗಳನ್ನು ಹಚ್ಚಿ ಯಾವುದು ಎಷ್ಟು ಕೆಲಸ ಮಾಡಬೇಕೆಂಬುದನ್ನು ಬದಲಿಸಬಲ್ಲದು. 1944–45ರ ಚಳಿಗಾಲದಲ್ಲಿ ನಾಜಿಗಳ ದಿಗ್ಬಂಧನಕ್ಕೆ ಸಿಕ್ಕಿ ಹಸಿದ ಹಾಲೆಂಡಿನಲ್ಲಿ ಆಗಷ್ಟೇ ಬಸಿರಾಗಿದ್ದ ತಾಯಂದಿರ ಮಕ್ಕಳಲ್ಲಿ ಆರು ದಶಕದ ನಂತರವೂ ಐಜಿಎಫ್2 ಎಂಬ ಬೆಳವಣಿಗೆಯ ವಂಶವಾಹಿಯ ಮೇಲೆ ಈ ಗುರುತು ಕಡಿಮೆ ಇದ್ದುದನ್ನು 2008ರಲ್ಲಿ ಕಂಡರು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆ ಎನ್ನುವುದು, 1934ರಿಂದ ಹುಟ್ಟಿದ ಕೂಸುಗಳ ತೂಕ ಬರೆದಿಟ್ಟಿತ್ತು. ಆ ದಾಖಲೆ ಹಿಡಿದು 45 ದಾಟಿದ 517 ಜನರನ್ನು ಹುಡುಕಿ ನೋಡಿದಾಗ, ಹುಟ್ಟುವಾಗ 2.5 ಕೆಜಿ ಅಥವಾ ಕಡಿಮೆ ಇದ್ದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ 11, ಏಳು ಪೌಂಡ್ (ಸುಮಾರು 3.2 ಕೆಜಿ) ಮುಟ್ಟಿದ್ದವರಲ್ಲಿ ಶೇ 3. ಮಧುಮೇಹದ್ದು ಅಲ್ಲಿ ಬೇರೆ ಕಥೆ: ಹುಟ್ಟುವಾಗ ಗಿಡ್ಡಗೆ ದುಂಡಗಿದ್ದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚು. ಕೊರತೆಯೂ ಕೆಡುಕು, ತಾಯಿಯ ರಕ್ತದಲ್ಲಿ ಸಕ್ಕರೆ ಹೆಚ್ಚಾದರೆ ಅದೂ ಕೆಡುಕು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಶುರುವಾದ ಅಧ್ಯಯನದಲ್ಲಿ ಬಸುರಿಯರ ಪೈಕಿ ಶೇ 43 ಮಂದಿಗೆ ಬಿ12 ಕಡಿಮೆ ಇತ್ತು. ನಿಮ್ಮ ಬಸಿರಿನಲ್ಲಿ ಸಕ್ಕರೆ ಏರಿತ್ತೇ ಎಂಬುದನ್ನು ನೀವು ಬರೆದಿಲ್ಲ. ಏರಿದ್ದರೆ ಮಧುಮೇಹದ ಅಪಾಯ ಏರದವರಿಗಿಂತ ಸುಮಾರು ಏಳು ಪಟ್ಟು, ಟಿಸಿಎಫ್7ಎಲ್2ರ 1.4 ಅದರ ಮುಂದೆ ಏನೂ ಅಲ್ಲ. ಹಳೆಯ ತಾಯಿ ಕಾರ್ಡ್ ತೆಗೆದು ನೋಡಿ.

ಈಗ ನಿಮ್ಮ ಅಪಾಯವನ್ನು ಬಿಡಿಗಾಸು ಖರ್ಚಿಲ್ಲದೆ ಎಣಿಸೋಣ. ಚೆನ್ನೈನ ಮದ್ರಾಸ್ ಮಧುಮೇಹ ಸಂಶೋಧನಾ ಪ್ರತಿಷ್ಠಾನದವರ ಭಾರತೀಯ ಅಂಕಪಟ್ಟಿಯ ಪ್ರಕಾರ 35–49 ವಯಸ್ಸಿಗೆ 20 ಅಂಕ. ಹೆಂಗಸರಿಗೆ ಸೊಂಟ 80–89 ಸೆಂ.ಮೀ. ಇದ್ದರೆ 10, ವ್ಯಾಯಾಮವಿಲ್ಲದ ಕೂತ ಕೆಲಸಕ್ಕೆ 30, ತಂದೆ ತಾಯಿಯರಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೆ 10. ಒಟ್ಟು 70. 60 ಮುಟ್ಟಿದರೆ ಹೆಚ್ಚಿನ ಅಪಾಯ. ದಿನವೂ ನಡೆದರೆ 30 ಇದ್ದದ್ದು 20 ಆಗುತ್ತದೆ, ಸೊಂಟ 80ರೊಳಗೆ ಬಂದರೆ 10 ಹೋಗುತ್ತದೆ, ಉಳಿಯುವುದು 50. ಬದಲಿಸಲಾಗದ ವಂಶದ ಪಾಲು ಹತ್ತೇ ಅಂಕ.

ಊಟದ ವಿಷಯ. ನಮ್ಮವರ ಶಕ್ತಿಯ ಶೇ 60–75 ಪಿಷ್ಟದಿಂದಲೇ ಬರುತ್ತದೆ. ಐಸಿಎಂಆರ್-ಇಂಡಿಯಾಬ್ ಎಂಬ ರಾಷ್ಟ್ರೀಯ ಮಧುಮೇಹ ಸಮೀಕ್ಷೆಯ 18,090 ಜನರ ಊಟದ ಲೆಕ್ಕ ಹಾಕಿ 2022ರಲ್ಲಿ ಹೇಳಿದ ಪ್ರಮಾಣ, ಗಡಿಯಲ್ಲಿರುವವರು ಮರಳಿ ಬರಲು ಪಿಷ್ಟ ಶೇ 50–56, ಪ್ರೋಟೀನ್ ಶೇ 18–20. ನಿಮ್ಮ ತೂಕದ ಶೇ 7 ಅಂದರೆ 4 ಕೆಜಿ. ಆರು ತಿಂಗಳಲ್ಲಿ ಇಳಿಸಲು ದಿನಕ್ಕೆ ಸುಮಾರು 1,500 ಕ್ಯಾಲೊರಿ ಸಾಕು. ಬೇಯಿಸುವ ಮೊದಲಿನ ತೂಕದಲ್ಲಿ ಹೇಳುವುದಾದರೆ ಅಕ್ಕಿ, ಜೋಳ, ರಾಗಿ ಎಲ್ಲ ಸೇರಿ 150 ಗ್ರಾಂ. ಬೇಳೆ, ಕಾಳು 80 ಗ್ರಾಂ. ಹಾಲು ಮೊಸರು 400 ಮಿ.ಲೀ.; ಶೇಂಗಾ 30 ಗ್ರಾಂ; ಸೋಯಾ ಚಂಕ್ಸ್ 20 ಗ್ರಾಂ; ತರಕಾರಿ ಸೊಪ್ಪು 400 ಗ್ರಾಂ; ಒಂದು ಹಣ್ಣು; ಎಣ್ಣೆ ಮೂರು ಚಹಾ ಚಮಚ. ಇಷ್ಟರಲ್ಲಿ ಪ್ರೋಟೀನ್ 65–70 ಗ್ರಾಂ, ಪಿಷ್ಟ 200 ಗ್ರಾಂ ಸುಮಾರು ಬರುತ್ತದೆ. ಒಮ್ಮೆ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ, ಅದೇ ಬಟ್ಟಲು ಖಾಯಂ ಮಾಡಿಕೊಳ್ಳಿ. ಧಾನ್ಯದ 150 ಗ್ರಾಂ ಅಂದರೆ ಎರಡು ಜೋಳದ ರೊಟ್ಟಿ ಮತ್ತು 60 ಗ್ರಾಂ ಅಕ್ಕಿಯ ಅನ್ನ, ಅಷ್ಟೇ.

ಜನ ಎಡವುವ ಜಾಗಗಳು ಗೊತ್ತಿರುವಂಥವೇ. ನಿಮ್ಮೂರಿನ ಮಂಡಕ್ಕಿ ಹಗುರ ಎನಿಸುತ್ತದೆ, ಆದರೆ ಅದು ಉಬ್ಬಿದ ಅಕ್ಕಿ. ಸಂಜೆಗೆ ಅದರ ಬದಲು ಹುರಿದ ಶೇಂಗಾ ಅಥವಾ ಬೇಯಿಸಿದ ಕಡಲೆ ಇರಲಿ. ಅನ್ನ ಬಿಟ್ಟು ರಾಗಿಗೆ ಹೋದವರು ಮುದ್ದೆಗೆ ಲೆಕ್ಕವಿಲ್ಲ ಅಂದುಕೊಳ್ಳುತ್ತಾರೆ. 100 ಗ್ರಾಂ ಹಿಟ್ಟಿನಲ್ಲಿ 67 ಗ್ರಾಂ ಪಿಷ್ಟವಿದೆ, ಅಕ್ಕಿಯಲ್ಲಿ 78. ನಾರು, ಕ್ಯಾಲ್ಸಿಯಂ ಹೆಚ್ಚು ಎಂಬುದು ನಿಜ, ಆದರೆ ತಲಾ 75 ಗ್ರಾಂ ಹಿಟ್ಟಿನ ಎರಡು ಮುದ್ದೆ ನುಂಗಿದರೆ 100 ಗ್ರಾಂ ಪಿಷ್ಟ ಒಂದೇ ಸಲಕ್ಕೆ ಒಳಗೆ ಹೋಯಿತು. ರಾಗಿ ಮಾಲ್ಟ್ ಅಂತೂ ಮುದ್ದೆಗಿಂತ ಬೇಗ ಸಕ್ಕರೆ ಏರಿಸುತ್ತದೆ. ರಾತ್ರಿ ಊಟ ಬಿಟ್ಟು ಹಣ್ಣು ತಿಂದು ಮಲಗುವ ಪದ್ಧತಿಯಲ್ಲಿ ಪ್ರೋಟೀನ್ ಹೋಗಿ ಮಾಂಸಖಂಡವೇ ಕರಗುತ್ತದೆ. ನಿಮ್ಮ ಮೈಗೆ ಬೇಡವಾದದ್ದು ಅದೇ. ಆದ್ದರಿಂದ ನಡಿಗೆಯ ಜೊತೆ ವಾರಕ್ಕೆ ಎರಡು ದಿನ ಭಾರ ಎತ್ತುವ ಅಥವಾ ಬಸ್ಕಿ, ಗೋಡೆಗೆ ದಂಡದಂಥ ವ್ಯಾಯಾಮವೂ ಬೇಕು. ಊಟವಾದ ಮೇಲೆ 10–15 ನಿಮಿಷ ನಡೆದರೆ ಆ ಹೊತ್ತಿನ ಏರಿಕೆ ತಗ್ಗುತ್ತದೆ.

ವಂಶವಾಹಿ ಪರೀಕ್ಷೆಯೇ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಒಂದೇ ವಂಶವಾಹಿ ಪೂರ್ತಿ ಕೆಟ್ಟಾಗ ಊಟ ಆ ವಂಶವಾಹಿಯನ್ನೇ ನೋಡಿ ತೀರ್ಮಾನವಾಗಬೇಕು. ಫಿನೈಲ್‌ಕೀಟೋನೂರಿಯಾ ಇರುವ ಕೂಸಿಗೆ ಪ್ರೋಟೀನಿನಲ್ಲಿರುವ ಫಿನೈಲ್‌ಅಲನೀನ್ ಎಂಬ ಅಮೈನೋ ಆಮ್ಲವನ್ನು ಅಳೆದು ಕೊಡದಿದ್ದರೆ ಬುದ್ಧಿ ಕುಂಠಿತವಾಗುತ್ತದೆ. ಮೊದಲ ವಾರಗಳಲ್ಲೇ ಪಥ್ಯ ಶುರುವಾದರೆ ಮಗು ಉಳಿದ ಮಕ್ಕಳಂತೆ ಬೆಳೆಯುತ್ತದೆ. ಹಾಲಿನ ಸಕ್ಕರೆಯ ಒಂದು ಅಂಶವನ್ನು ದೇಹ ಬಳಸಲಾಗದ ಗ್ಯಾಲಕ್ಟೋಸೀಮಿಯಾ ಇದ್ದರೆ ತಾಯಿಯ ಹಾಲನ್ನೇ ನಿಲ್ಲಿಸಬೇಕು. ಇವನ್ನು ಹಿಡಿಯುವುದು ಕೂಸಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯವರು ಕೆಲವು ಔಷಧಿಗಳನ್ನೂ ಫಾವಾ ಕಾಳನ್ನೂ ಬಿಡಬೇಕು. ನಮ್ಮ ಅವರೆ ಬೇರೆಯೇ ಗಿಡ, ಅದನ್ನು ಪಟ್ಟಿಗೆ ಸೇರಿಸಿ ಹೆದರಿಸಬೇಡಿ. ಕೆಟ್ಟ ಕೊಲೆಸ್ಟರಾಲ್ (ಎಲ್‌ಡಿಎಲ್) 190 ದಾಟಿ, ಮನೆಯಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತಗಳಿದ್ದರೆ ಅದು ವಂಶದ ಕೊಲೆಸ್ಟರಾಲ್ ಆಗಿರಬಹುದು, ಅಲ್ಲಿ ಪಥ್ಯ ಒಂದರಿಂದಲೇ ಕೆಲಸ ಆಗುವುದಿಲ್ಲ, ಮಾತ್ರೆ ಬೇಕೇ ಬೇಕು. ಮಧುಮೇಹದಲ್ಲೂ ಒಂದು ಬಗೆ ಇದೆ: ಸತತ ತಲೆಮಾರುಗಳಲ್ಲಿ, ತೆಳ್ಳಗಿರುವವರಿಗೆ, 25ರೊಳಗೇ ಬರುವ ‘ಮೋಡಿ’ (MODY). ಅದರ ಒಂದು ಪ್ರಕಾರಕ್ಕೆ ಇನ್ಸುಲಿನ್ ಬಿಟ್ಟು ಅಗ್ಗದ ಸಲ್ಫೋನಿಲ್‌ಯೂರಿಯಾ ಮಾತ್ರೆ ಸಾಕಾಗುತ್ತದೆ, ಇನ್ನೊಂದಕ್ಕೆ ಸಾಮಾನ್ಯವಾಗಿ ಔಷಧಿಯೇ ಬೇಡ. ಅಲ್ಲಿ ಪರೀಕ್ಷೆಗೆ ಕೊಟ್ಟ ದುಡ್ಡು ಸಾರ್ಥಕ. 44ಕ್ಕೆ ಶುರುವಾದ ನಿಮ್ಮ ತಂದೆಯದು ಹಾಗೆ ಕಾಣುವುದಿಲ್ಲ. ಹಿಂದಿನ ತಲೆಮಾರಿನಲ್ಲೋ ಒಡಹುಟ್ಟಿದವರಲ್ಲೋ ಯಾರಿಗಾದರೂ ಇಪ್ಪತ್ತರ ಆಸುಪಾಸಿನಲ್ಲಿ ಬಂದಿದ್ದರೆ ಮಾತ್ರ ವೈದ್ಯರಿಗೆ ಹೇಳಿ.

ಮಗಳಿಗೆ ಡಿಎನ್‌ಎ ಪರೀಕ್ಷೆಯಿಂದ ತಿಳಿಯುವುದೇನೂ ಇಲ್ಲ, ತಿಳಿದರೂ ಮಾಡುವುದು ಅದನ್ನೇ. ಮುಟ್ಟು ಶುರುವಾಗುವ ಮೊದಲು ಒಮ್ಮೆ ಹಿಮೋಗ್ಲೋಬಿನ್ ನೋಡಿಸಿ. ಅವಳೂ ಮೊಟ್ಟೆ ತಿನ್ನದಿದ್ದರೆ ಬಿ12 ಕೂಡ. ನೀವು ಥಲಸ್ಸೀಮಿಯಾ ವಾಹಕರೆಂದು ತಿಳಿದರೆ ನಿಮ್ಮ ಯಜಮಾನರದ್ದೂ ಅವಳದ್ದೂ ಎ2 ನೋಡಿಸುವುದು ಕಡ್ಡಾಯ. ವಾಹಕರಿಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ತೀವ್ರ ಥಲಸ್ಸೀಮಿಯಾ ಬರುವ ಸಂಭವವಿದೆ. ನಿಮಗೆ ಇನ್ನೊಂದು ಮಗುವಿನ ಯೋಚನೆ ಇದ್ದರೆ ಬಸಿರಿಗೆ ಮೂರು ತಿಂಗಳು ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಸಾಮಾನ್ಯ ಫೋಲಿಕ್ ಆಮ್ಲ ಶುರು ಮಾಡಿ, ಬಿ12 ಕೊರತೆಯನ್ನು ಸರಿಪಡಿಸಿಕೊಂಡು.

ಈ ವಾರ ಮಾಡಿಸಬೇಕಾದದ್ದು ಜಿಟಿಟಿ, ಫೆರಿಟಿನ್, ಬಿ12. ಎಚ್‌ಬಿಎ1ಸಿಯನ್ನು ರಕ್ತಹೀನತೆ ವಾಸಿಯಾಗಿ ಮೂರು ತಿಂಗಳಾದ ಮೇಲೆ ಮತ್ತೆ ನೋಡಿ, ಅಲ್ಲಿಯವರೆಗೆ ಅದನ್ನು ಮರೆತುಬಿಡಿ. ಜಿಟಿಟಿ ಸರಿಯಿದ್ದರೆ ವರ್ಷಕ್ಕೊಮ್ಮೆ ಪರೀಕ್ಷೆ ಸಾಕು. ಗಡಿಯಲ್ಲಿದ್ದರೆ ಆರು ತಿಂಗಳ ನಂತರ ಮತ್ತೊಮ್ಮೆ. ಆಗಲೂ ಇಳಿಯದಿದ್ದರೆ ಮೆಟ್‌ಫಾರ್ಮಿನ್ ಬೇಕೇ ಎಂದು ವೈದ್ಯರನ್ನು ಕೇಳಿ. ಅದನ್ನು ಶುರು ಮಾಡಿದರೆ ಬಿ12 ಇನ್ನಷ್ಟು ತಗ್ಗುತ್ತದೆ, ವರ್ಷಕ್ಕೊಮ್ಮೆ ಅದರ ಮಟ್ಟ ನೋಡಿಸಲು ಮರೆಯಬೇಡಿ.